ಮೊಟ್ಟೆ ಮೊದಲು ಬಂತು, ಮಾಸ್ತರು ಇನ್ನೂ ಬರಬೇಕು

ಮೇ 1 ಫಿನ್ಲೆಂಡಿನಲ್ಲಿ ವಪ್ಪು ಹಬ್ಬ. ಹಿಂದಿನ ಸಂಜೆಯಿಂದಲೇ ಜನ ಬಿಳಿ ಟೋಪಿ ಹಾಕಿಕೊಂಡು ಬೀದಿಗೆ ಬರುತ್ತಾರೆ. ನಮ್ಮ ಪಿಯುಸಿಗೆ ಸಮ ಅನ್ನಬಹುದಾದ ಒಂದು ಪರೀಕ್ಷೆ ಪಾಸಾದವರಿಗೆ ಮಾತ್ರ ಆ ಟೋಪಿ. ಎಪ್ಪತ್ತು ದಾಟಿದ ಅಜ್ಜ ಅಜ್ಜಿಯರೂ ಹಳದಿ ತಿರುಗಿದ ಟೋಪಿಯನ್ನು ಪೆಟ್ಟಿಗೆಯಿಂದ ತೆಗೆದು ಹಾಕಿಕೊಂಡು ಓಡಾಡುತ್ತಾರೆ. ನಾನು ಎಸ್ಪೊ ಊರಿಗೆ ಬಂದು 14 ವರ್ಷವಾಯಿತು. ಪ್ರತಿ ಸಲ ಸುಮ್ನೆ ನಿಂತು ನೋಡುತ್ತೇನೆ. ಓದಿ ಪಾಸಾಗಿದ್ದಕ್ಕೆ ಊರಿಗೆ ಊರೇ ಹಬ್ಬ ಮಾಡುತ್ತದಲ್ಲ ಅಂತ.

2025ರಲ್ಲಿ ಆ ಹಬ್ಬದ ಮರುದಿನ ಬೆಳಿಗ್ಗೆ ಫೋನ್ ನೋಡಿದರೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ. ಮೊದಲಿಗೆ ದಕ್ಷಿಣ ಕನ್ನಡ, ಶೇ 91.12. ಬೆರಳಿಂದ ಸರಿಸುತ್ತಾ ಸರಿಸುತ್ತಾ ಕೆಳಗೆ ಹೋದರೆ ಕಟ್ಟಕಡೆಗೆ ಕಲಬುರಗಿ, ಶೇ 42.43. ಅದರ ಹಿಂದಿನ ವರ್ಷ ಆ ಜಾಗದಲ್ಲಿ ನಮ್ಮ ಯಾದಗಿರಿ ಇತ್ತು, ಶೇ 50.59. ನಾನು ಶಹಾಪುರ ತಾಲ್ಲೂಕಿನವನು, ಸೋದರಮಾವನ ಮನೆ ಕಲಬುರಗಿ. ಮಾವನ ಮಗ ‘ಈ ಸಲ ಕಪ್ ನಮ್ದೇ’ ಅಂತ ಬರೆದು ನಗುವ ಮುಖಗಳನ್ನು ಸಾಲಾಗಿ ಅಂಟಿಸಿದ್ದ.

ಅದಕ್ಕೆ ಅಕ್ಕ ಬರೆದಳು: ‘ನಗಬ್ಯಾಡೋ. ಹತ್ನೇತ್ತದ ಹುಡುಗ್ರು ಫೇಲ್ ಆಗ್ಯಾರ ಅಂತೀರಿ. ಅವ್ರು ಮೂರ್ನೇತ್ತದಾಗೇ ಫೇಲ್ ಆಗಿದ್ರು. ಯಾರೂ ನೋಡಿಲ್ಲ, ಅಷ್ಟ.’

ಗುಂಪು ಅರ್ಧ ದಿನ ಸುಮ್ಮನಾಯಿತು. ಅಕ್ಕ ಯಾದಗಿರಿ ಜಿಲ್ಲೆಯಲ್ಲೇ ಒಂದು ಕಿರಿಯ ಪ್ರಾಥಮಿಕ ಶಾಲೆಯ ಟೀಚರು. 25 ವರ್ಷದ ಸರ್ವಿಸು. ಅವಳು ಹೇಳಿದರೆ ಎದುರು ಮಾತಾಡುವವರು ನಮ್ಮ ಮನೆಯಲ್ಲಿ ಕಡಿಮೆ.

ಎಲ್ಲಿಯ ಫಿನ್ಲೆಂಡ್, ಎಲ್ಲಿಯ ಶಹಾಪುರ ಅಂತ ನೀವು ಕೇಳುತ್ತೀರಿ, ಗೊತ್ತು. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಆದರೆ ಒಂದು ಲೆಕ್ಕ ನೋಡಿ. ಬೀದರ್, ಕಲಬುರಗಿ, ಯಾದಗಿರಿ ಮೂರು ಜಿಲ್ಲೆ ಕೂಡಿಸಿದರೆ 2011ರ ಜನಗಣತಿಯಲ್ಲಿ ಸುಮಾರು 54 ಲಕ್ಷ ಜನ. ಆ ವರ್ಷ ಫಿನ್ಲೆಂಡಿನ ಜನಸಂಖ್ಯೆಯೂ 54 ಲಕ್ಷವೇ. ನಮ್ಮ ಮೂರು ಜಿಲ್ಲೆಯಷ್ಟೇ ಜನ ಇರುವ ದೇಶ ಇದು. ಆ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83. ಇಡೀ ಕರ್ನಾಟಕಕ್ಕೆ ಅದೇ ಕಡಿಮೆ.

ಇನ್ನೊಂದು ವಿಷಯ ನನಗೆ ಗೊತ್ತಾಗಿದ್ದು ಆಫೀಸಿನ ಕಾಫಿ ಕೋಣೆಯಲ್ಲಿ. ನಮ್ಮ ಟೀಮಿನ ಹಿರಿಯರೊಬ್ಬರು ಲ್ಯಾಪ್‌ಲ್ಯಾಂಡ್ ಕಡೆಯ ಕೆಮಿಯಾರ್ವಿಯವರು. ದೇಶದ ತೀರಾ ಉತ್ತರ, ಚಳಿಗಾಲದಲ್ಲಿ ಸೂರ್ಯ ಮುಖ ತೋರಿಸಿದರೆ ಹೆಚ್ಚು ಅನ್ನೋ ಊರು. ಅವರ ಅಪ್ಪ ಸ್ವೀಡನ್ನಿನ ಕಾರು ಕಾರ್ಖಾನೆಗೆ ದುಡಿಯಲು ಹೋಗಿದ್ದರಂತೆ. ಅವರೊಬ್ಬರೇ ಅಲ್ಲ, 1969 ಮತ್ತು 1970 ಎರಡೇ ವರ್ಷದಲ್ಲಿ ಸುಮಾರು 80 ಸಾವಿರ ಜನ ಈ ದೇಶ ಬಿಟ್ಟು ಸ್ವೀಡನ್ನಿಗೆ ಹೋದರು. ಕೆಲಸ ಇರಲಿಲ್ಲ, ಹೋದರು. ನಾನು ಅವರಿಗೆ ‘ಗುಳೆ’ ಅನ್ನೋ ಪದ ಕಲಿಸಿಕೊಟ್ಟೆ. ಅವರ ಬಾಯಲ್ಲಿ ಅದು ‘ಕುಲೆ’ ಆಗುತ್ತದೆ.

ಆ ಕಾಲದಲ್ಲಿ ಇಲ್ಲಿಯ ಶಾಲೆಗಳೂ ಎರಡು ಬಗೆ. ಹತ್ತು ಹನ್ನೊಂದು ವರ್ಷಕ್ಕೇ ಮಕ್ಕಳನ್ನು ಬೇರೆ ಮಾಡುತ್ತಿದ್ದರು. ಓದಿ ಮುಂದೆ ಹೋಗುವವರಿಗೆ ಫೀಸು ಕಟ್ಟುವ ಶಾಲೆ, ಉಳಿದವರಿಗೆ ಕೈಕೆಲಸ ಕಲಿಸುವ ಶಾಲೆ. ಅದನ್ನು ಮುರಿದು ಒಂಬತ್ತು ವರ್ಷ ಎಲ್ಲರಿಗೂ ಒಂದೇ ಶಾಲೆ ಅಂತ ಮಾಡಲು ಹೊರಟಾಗ ಎಲ್ಲಿಂದ ಶುರು ಮಾಡಿದರು ಗೊತ್ತಾ? 1972ರಲ್ಲಿ ಲ್ಯಾಪ್‌ಲ್ಯಾಂಡಿನಿಂದ. ಅಲ್ಲಿಂದ ಒಂದೊಂದೇ ಸೀಮೆ ದಾಟುತ್ತಾ ಕೆಳಗಿಳಿದು, ರಾಜಧಾನಿ ಹೆಲ್ಸಿಂಕಿ ಕಡೆ ಬಂದಿದ್ದು 1977ಕ್ಕೆ. ರಾಜಧಾನಿ ಕೊನೆ. ನಮ್ಮ ಟೀಮಿನ ಹಿರಿಯರು 1972ರಲ್ಲಿ ಒಂದನೇ ತರಗತಿ. ಹೊಸ ಶಾಲೆಯ ಮೊದಲ ಸಾಲಿನ ಹುಡುಗ.

ಇದನ್ನು ಕೇಳಿದ ದಿನ ನಾನು ಕಾಫಿ ಕುಡಿಯೋದನ್ನೇ ಮರೆತೆ. ನಮ್ಮಲ್ಲಿ ಏನೇ ಬಂದರೂ ಬೆಂಗಳೂರಿಗೆ ಬಂದು, ಮೈಸೂರಿಗೆ ಹೋಗಿ, ಹುಬ್ಬಳ್ಳಿ ಮುಟ್ಟಿ, ಆಮೇಲೆ ಉಳಿದರೆ ನಮಗೆ ಅಲ್ವಾ? ಹಾಗಂತ ನಾನು ಹೇಳಿದೆ. ಆಮೇಲೆ ರಾತ್ರಿ ಮಲಗಿದಾಗ ಅನ್ನಿಸಿತು, ಇದು ಪೂರ್ತಿ ನಿಜ ಅಲ್ಲ.

ಬಿಸಿಯೂಟ ಎಲ್ಲಿಂದ ಶುರುವಾಯಿತು? ಅಕ್ಷರ ದಾಸೋಹ 2002ರಲ್ಲಿ ಮೊದಲು ಬಂದಿದ್ದು ಈಶಾನ್ಯದ ಏಳು ಜಿಲ್ಲೆಗೆ. ಬೀದರ್, ಕಲಬುರಗಿ, ರಾಯಚೂರು ಎಲ್ಲ ಅದರಲ್ಲಿದ್ದವು. ಯಾದಗಿರಿ ಆಗ ಕಲಬುರಗಿ ಒಳಗೇ ಇತ್ತು. ದಾಸೋಹ ಅನ್ನೋ ಮಾತು ಶರಣಬಸಪ್ಪನ ಗುಡಿ ಇರುವ ಊರಿಗೆ ಹೊಸದೇನಲ್ಲ ಬಿಡಿ. ಆಮೇಲೆ ಮೊಟ್ಟೆ. 2021ರ ಡಿಸೆಂಬರಿನಲ್ಲಿ ಎಷ್ಟೋ ಗಲಾಟೆ, ವಿರೋಧದ ನಡುವೆ ಮಕ್ಕಳ ತಟ್ಟೆಗೆ ಮೊಟ್ಟೆ ಬಿದ್ದಿದ್ದೂ ಮೊದಲು ನಮ್ಮ ಕಡೆಯೇ. ಮಕ್ಕಳಲ್ಲಿ ರಕ್ತ ಕಡಿಮೆ, ತೂಕ ಕಡಿಮೆ ಅಂತ ಲೆಕ್ಕ ನೋಡಿ, ಎಲ್ಲಿ ಹಸಿವು ಜಾಸ್ತಿಯೋ ಅಲ್ಲಿಂದ ಶುರು ಮಾಡಿದರು. ಆಮೇಲೆ ಉಳಿದ ಜಿಲ್ಲೆಗೆ ಹೋಯಿತು. ಉತ್ತರದಿಂದ ಶುರು ಮಾಡುವುದು ನಮ್ಮ ಸರ್ಕಾರಕ್ಕೂ ಬರುತ್ತದೆ. ಒಂದಲ್ಲ, ಎರಡು ಸಲ ಮಾಡಿ ತೋರಿಸಿದೆ.

ಮಾಸ್ತರ ವಿಷಯದಲ್ಲಿ ಮಾತ್ರ ಅದು ತಿರುವು ಮುರುವು. ನಾನು ಹೇಳಬೇಕು ಅಂದಿದ್ದು ಇದೊಂದೇ.

ನನ್ನದೇ ಕತೆ ಹೇಳುತ್ತೇನೆ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಮಗೆ ಗಣಿತಕ್ಕೆ ಹಾಸನ ಕಡೆಯ ಒಬ್ಬ ಸರ್ ಇದ್ದರು. ‘ಮಕ್ಕಳಾ’ ಅಂತ ಕರೆಯುತ್ತಿದ್ದರು, ನಮಗೆ ಅದೇ ನಗು. ನಮ್ಮ ಮನೆಯಲ್ಲಿ ಹಾಗೆ ಯಾರೂ ಕರೆಯುವುದಿಲ್ಲ. ಬೀಜಗಣಿತವನ್ನು ಅವರು ತಕ್ಕಡಿ ಇಟ್ಟು ಹೇಳಿಕೊಟ್ಟರು. ಕಿರಾಣಿ ಅಂಗಡಿಯಿಂದ ನಿಜವಾದ ತಕ್ಕಡಿ ತಂದು ಒಂದು ಕಡೆ ತೊಗರಿಬೇಳೆ, ಒಂದು ಕಡೆ ಕಲ್ಲು. ಈ ಕಡೆ ಒಂದು ಹಿಡಿ ತೆಗೆದರೆ ಆ ಕಡೆಯೂ ತೆಗೀಬೇಕು, ಇಷ್ಟೇ ಕಣ್ರೋ ಸಮೀಕರಣ ಅಂದರು. ಇವತ್ತಿಗೂ ನಾನು ಆ ಬೇಳೆ ಮರೆತಿಲ್ಲ. ದಸರೆ ರಜೆ ಮುಗಿಸಿ ಬಂದರೆ ಸರ್ ಇಲ್ಲ. ವರ್ಗ ಮಾಡಿಸಿಕೊಂಡು ಹೋಗಿದ್ದರು. ಊರಲ್ಲಿ ವಯಸ್ಸಾದ ಅಪ್ಪ ಅಮ್ಮ, ಅವರದೂ ತಪ್ಪಲ್ಲ. ಆಮೇಲೆ ಹತ್ತನೇ ತರಗತಿ ಮುಗಿಯುವ ತನಕ ಆ ಜಾಗಕ್ಕೆ ಯಾರೂ ಬರಲಿಲ್ಲ. ಪಿ.ಟಿ. ಸರ್ ಬಂದು ‘ಗೈಡ್ ತೆಗೀರಿ, ಬರ್ಕೋರಿ’ ಅನ್ನುತ್ತಿದ್ದರು. ನಮ್ಮಪ್ಪ ನನ್ನನ್ನು ಕಲಬುರಗಿಯ ಟ್ಯೂಷನ್ನಿಗೆ ಕಳಿಸಿದರು, ನಾನು ಪಾರಾದೆ. ನನ್ನ ಪಕ್ಕ ಕೂರುತ್ತಿದ್ದವನು ನನಗಿಂತ ಚುರುಕು. ಅವನಪ್ಪನಿಗೆ ಎರಡೆಕರೆ ಒಣ ಭೂಮಿ. ಅವನು ಗಣಿತದಲ್ಲಿ ಎರಡು ಸಲ ಫೇಲಾಗಿ ಪುಣೆಗೆ ಗಾರೆ ಕೆಲಸಕ್ಕೆ ಹೋದ.

ಈಗ ಇಲ್ಲಿಯದು. ಮೂರು ವರ್ಷದ ಹಿಂದೆ ಜನವರಿಯಲ್ಲಿ ನನ್ನ ಮಗಳ ಕ್ಲಾಸ್ ಟೀಚರ್ ಮಂಜುಗಡ್ಡೆ ಮೇಲೆ ಜಾರಿ ಕಾಲು ಮುರಿದುಕೊಂಡರು. ಮಾರನೇ ಬೆಳಿಗ್ಗೆ ಶಾಲೆಯ ಆ್ಯಪಿನಲ್ಲಿ ಎರಡು ಸಾಲಿನ ಮೆಸೇಜು: ಟೀಚರಿಗೆ ರಜೆ, ಇವತ್ತಿಂದ ಇಂಥವರು ಬರುತ್ತಾರೆ. ಅಷ್ಟೇ. ಮೂರು ತಿಂಗಳು ಅವರೇ ಪಾಠ ಮಾಡಿದರು. ಮಗಳು ಮನೆಗೆ ಬಂದು ‘ಹೊಸ ಟೀಚರ್ ಗಿಟಾರ್ ಬಾರಿಸುತ್ತಾರೆ’ ಅಂದಳೇ ಹೊರತು, ಪಾಠ ನಿಂತಿದ್ದು ಯಾವುದೂ ಇಲ್ಲ. ಟೀಚರ್ ಬದಲಾಗುವುದು ಒಂದು ದೊಡ್ಡ ಸುದ್ದಿಯೇ ಅಲ್ಲ. ನನಗೆ ಹೊಟ್ಟೆ ಉರಿದಿದ್ದು ಅಲ್ಲಿ.

ಇಲ್ಲಿ ಹೀಗೆ ಯಾಕೆ ಆಗುತ್ತದೆ ಅಂದರೆ ಜನ ಒಳ್ಳೆಯವರು ಅಂತಲ್ಲ. 1970ರ ದಶಕದಲ್ಲಿ ಶಾಲೆ ಬದಲಿಸುವಾಗಲೇ ಶಿಕ್ಷಕರ ತರಬೇತಿಯನ್ನು ಹಳೇ ಟ್ರೈನಿಂಗ್ ಶಾಲೆಗಳಿಂದ ಎತ್ತಿ ವಿಶ್ವವಿದ್ಯಾಲಯಕ್ಕೆ ತಂದರು. 1979ರಿಂದ ಒಂದನೇ ತರಗತಿಗೆ ಪಾಠ ಮಾಡುವವರಿಗೂ ಮಾಸ್ಟರ್ಸ್ ಡಿಗ್ರಿ ಬೇಕು ಅಂತಾಯಿತು. ಮತ್ತೆ ಆ ಡಿಗ್ರಿ ಕೊಡುವ ಜಾಗ ಹೆಲ್ಸಿಂಕಿಯಲ್ಲಿ ಮಾತ್ರ ಇಡಲಿಲ್ಲ. ಲ್ಯಾಪ್‌ಲ್ಯಾಂಡಿನ ರೊವಾನಿಯೆಮಿಯಲ್ಲಿ 1979ರಲ್ಲಿ ವಿಶ್ವವಿದ್ಯಾಲಯವೇ ಶುರುವಾಯಿತು, ಅಲ್ಲಿ ಶಿಕ್ಷಕರ ತರಬೇತಿ ಇದೆ. ಅಲ್ಲಿಯ ಹುಡುಗಿ ಅಲ್ಲೇ ಓದಿ ಅಲ್ಲೇ ಟೀಚರ್ ಆಗಬಹುದು. ಹಿಮ, ಕತ್ತಲೆ, ಅಲ್ಲಿಯ ಜನರ ಮಾತು ಯಾವುದೂ ಅವಳಿಗೆ ಹೊಸದಲ್ಲ.

ನಮ್ಮಲ್ಲಿ ಇದಕ್ಕೆ ಹತ್ತಿರದ ಯೋಚನೆ ಅಂದರೆ ಸಂವಿಧಾನದ 371(ಜೆ) ವಿಧಿ. ವೈಜನಾಥ ಪಾಟೀಲರಂಥವರು ವರ್ಷಾನುಗಟ್ಟಲೆ ಬೀದಿಗಿಳಿದು ಕೇಳಿದ್ದು, 2012ರ ಕೊನೆಗೆ ಸಂಸತ್ತಿನಲ್ಲಿ ಪಾಸಾಯಿತು. ನಮ್ಮ ಕಲ್ಯಾಣ ಕರ್ನಾಟಕ ಭಾಗದ ‘ಸಿ’ ದರ್ಜೆ ಹುದ್ದೆಗಳಲ್ಲಿ ಶೇ 80 ನಮ್ಮವರಿಗೆ. ಪ್ರಾಥಮಿಕ ಶಾಲೆ ಮಾಸ್ತರಿಕೆ ಅದರಲ್ಲೇ ಬರುತ್ತದೆ. ಇದು ಒಳ್ಳೆಯ ಕಾನೂನು. ಊರಿನವರಾದರೆ ಅಪ್ಪ ಅಮ್ಮನ್ನ ನೋಡಿಕೊಳ್ಳಲು ಹಾಸನಕ್ಕೆ ಓಡಬೇಕಿಲ್ಲ. ಆದರೆ ಕಾನೂನು ಕುರ್ಚಿ ಕೊಟ್ಟಿತು, ಕೂರುವವರನ್ನು ತಯಾರು ಮಾಡುವ ಕೆಲಸ ಅಲ್ಲೇ ಉಳಿಯಿತು. 2022ರಲ್ಲಿ 6ರಿಂದ 8ನೇ ತರಗತಿಗೆ 15,000 ಶಿಕ್ಷಕರ ನೇಮಕಾತಿ ಕರೆದರು. ಅದರಲ್ಲಿ 5,000 ಹುದ್ದೆ ಕಲ್ಯಾಣ ಕರ್ನಾಟಕಕ್ಕೆ. ಒಳ್ಳೆಯ ಪಾಲು ಅಲ್ವಾ? ಇಡೀ ರಾಜ್ಯದಲ್ಲಿ ಆಯ್ಕೆ ಪಟ್ಟಿಗೆ ಬಂದವರು 13,363. ಪರೀಕ್ಷೆಯಲ್ಲಿ ಬೇಕಾದಷ್ಟು ಅಂಕ ಬರಲಿಲ್ಲ ಅಂತ ಉಳಿದ ಹುದ್ದೆ ಖಾಲಿ. ಆಮೇಲೆ ಕೋರ್ಟು, ಕಚೇರಿ. ಮದುವೆಯಾದ ಹೆಣ್ಣುಮಗಳು ಜಾತಿ-ಆದಾಯ ಪತ್ರ ಅಪ್ಪನ ಹೆಸರಲ್ಲಿ ತರಬೇಕೋ ಗಂಡನ ಹೆಸರಲ್ಲೋ ಅಂತ ವ್ಯಾಜ್ಯ. ಹೀಗೆ ಜಗ್ಗಿ ಜಗ್ಗಿ ಆದೇಶ ಕೈಗೆ ಸಿಗುವಾಗ ಮುಂದಿನ ವರ್ಷ ಮುಗಿಯಲು ಬಂದಿತ್ತು.

ಇಲ್ಲಿ ಒಂದು ಸುತ್ತು ಇದೆ, ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹಳ್ಳಿ ಶಾಲೆಯಲ್ಲಿ ಗಣಿತದ ಟೀಚರ್ ಇಲ್ಲ. ಆದ್ದರಿಂದ ಅಲ್ಲಿ ಓದಿದವರು ಪಿಯುಸಿಗೆ ವಿಜ್ಞಾನ ತೆಗೆದುಕೊಳ್ಳಲು ಹೆದರಿ ಕಲಾ ವಿಭಾಗಕ್ಕೆ ಹೋಗುತ್ತಾರೆ. ಆದ್ದರಿಂದ ಬಿ.ಎಸ್ಸಿ. ಮುಗಿಸಿ ಬಿ.ಇಡಿ. ಮಾಡುವವರು ಕಡಿಮೆ. ಇದ್ದವರಲ್ಲೂ ಬುನಾದಿ ಗಟ್ಟಿ ಇಲ್ಲ, ನೇಮಕಾತಿ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಾರೆ. ಹುದ್ದೆ ಖಾಲಿ ಉಳಿಯುತ್ತದೆ. ಮತ್ತೆ ಹಳ್ಳಿ ಶಾಲೆಯಲ್ಲಿ ಗಣಿತದ ಟೀಚರ್ ಇಲ್ಲ. ಇದು ಒಂದು ತಲೆಮಾರಿನ ಕತೆಯಲ್ಲ. ನಮ್ಮಜ್ಜ ನಿಜಾಮರ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ನಾಲ್ಕನೇ ತರಗತಿ ಓದಿದವರು. 1948ರ ಸೆಪ್ಟೆಂಬರ್ ತನಕ ನಮ್ಮ ಕಡೆ ಸರ್ಕಾರಿ ಶಾಲೆಗಳಲ್ಲಿ ಉರ್ದುವಿನದೇ ಮೇಲುಗೈ. ಕನ್ನಡದಲ್ಲಿ ಪಾಠ ಮಾಡುವವರು ಬೇಕಾದಾಗ ವಿಜಾಪುರ, ಧಾರವಾಡ ಕಡೆಯಿಂದ ಬರಬೇಕಾಯಿತು. ಅಂದಿನಿಂದಲೂ ನಮಗೆ ಮಾಸ್ತರೆಂದರೆ ಹೊರಗಿನಿಂದ ಬಂದು ಹೋಗುವವರು.

ಬೀದರಿನಲ್ಲಿ 1472ರಲ್ಲಿ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ ಮದರಸಾ ಕಟ್ಟಿ ದೂರದ ಪರ್ಷಿಯಾದಿಂದ ಪಂಡಿತರನ್ನು ಕರೆಸಿಕೊಂಡ ಅನ್ನುತ್ತಾರೆ. ಆಗಲೂ ಹೊರಗಿನವರೇ. ಆದರೆ ಅವರು ಕರೆದಾಗ ಬಂದರು, ಬಂದು ಇದ್ದರು. ಇರಲಿ, ಎಲ್ಲಿಗೋ ಹೋದೆ.

2025ರ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಒಂದು ದಿನ ಅಕ್ಕನ ಶಾಲೆಗೆ ಹೋಗಿದ್ದೆ. ಒಂದರಿಂದ ಐದು ತರಗತಿ, 48 ಮಕ್ಕಳು. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 60 ಮಕ್ಕಳ ತನಕ ಇಬ್ಬರು ಟೀಚರು. ಕಾಗದದ ಮೇಲೆ ಲೆಕ್ಕ ಸರಿ ಇದೆ. ಆದರೆ ಇಬ್ಬರಲ್ಲಿ ಒಬ್ಬರಿಗೆ ಮತದಾರರ ಪಟ್ಟಿ ಕೆಲಸ. ಅಕ್ಟೋಬರಿನಲ್ಲಿ ಇಬ್ಬರೂ ಸರ್ಕಾರದ ಜಾತಿ ಸಮೀಕ್ಷೆಗೆ ಹೋಗಿದ್ದರು, ಅದಕ್ಕಾಗಿ ದಸರೆ ರಜೆಯನ್ನೇ 18ರ ತನಕ ಹಿಗ್ಗಿಸಿದ್ದರು. ಆ ದಿನ ಅಕ್ಕ ಒಬ್ಬಳೇ. ಗೋಡೆಯ ಕಪ್ಪು ಹಲಗೆಗೆ ಸುಣ್ಣದ ಕಡ್ಡಿಯಿಂದ ಉದ್ದಕ್ಕೆ ಗೆರೆ ಎಳೆದು ನಾಲ್ಕನೇತ್ತ, ಐದನೇತ್ತ ಅಂತ ಭಾಗ ಮಾಡಿದ್ದಳು. ಒಂದಾದ ಮೇಲೊಂದು ಕಾರ್ಡು ಮುಗಿಸಿ ಕಲಿಯುವ ನಲಿ-ಕಲಿಯ ಮೂರು ತರಗತಿ ನೆಲದ ಮೇಲೆ ಗುಂಪಾಗಿ ಕೂತು ಕಾರ್ಡು ಹಿಡಿದಿದ್ದವು. ಬಾಗಿಲ ಹತ್ತಿರ ಒಂದು ಹುಡುಗಿ ಎರಡೂ ಕೈ ಮಡಿಲಲ್ಲಿ ಮುಚ್ಚಿಟ್ಟುಕೊಂಡು ಕೂತಿತ್ತು. ‘ಬೆರಳು ತೋರ್ಸವ್ವ ನಿಮ್ ಮಾಮಾಗ’ ಅಂದಳು ಅಕ್ಕ. ಹತ್ತಿ ಬಿಡಿಸಿ ಬಿಡಿಸಿ ಉಗುರಿನ ಬುಡ ಎಲ್ಲ ಕೊರೆದಿತ್ತು. ಹದಿನೈದು ದಿನ ಬಿಟ್ಟು ಆವತ್ತೇ ಬಂದಿತ್ತಂತೆ. ಅದು ಬಿಟ್ಟುಹೋದ ಕಾರ್ಡು ಯಾವುದು, ಎಲ್ಲಿಂದ ಹಿಡಿಯಬೇಕು ಅಂತ ನೋಡಲು ಅಕ್ಕನಿಗೆ ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷದಲ್ಲಿ ಬಿಸಿಯೂಟದ ಅಮ್ಮ ಬೇಳೆ ಕೇಳಲು ಬಂದರು, ಕ್ಲಸ್ಟರಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಫೋನ್ ಮಾಡಿ ಮಕ್ಕಳ ಮಾಹಿತಿ ತುಂಬುವ ಸ್ಯಾಟ್ಸ್‌ನಲ್ಲಿ ಎಂಟ್ರಿ ಆಗಿಲ್ಲ ಅಂದರು, ಐದನೇತ್ತದ ಇಬ್ಬರು ಹೊಡೆದಾಡಿಕೊಂಡರು. ಹುಡುಗಿ ಕಾರ್ಡು ಹಿಡಿದುಕೊಂಡೇ ಕೂತಿತ್ತು.

‘ಮೂರ್ನೇತ್ತದಾಗೇ ಫೇಲ್’ ಅಂತ ಅಕ್ಕ ಬರೆದಿದ್ದು ಏನು ಅಂತ ಆಗ ಅರ್ಥವಾಯಿತು.

ಇಂಥದೇ ಮಗು ಫಿನ್ಲೆಂಡಿನಲ್ಲಿದ್ದರೆ? ನನ್ನ ಮಗ ಎರಡನೇ ತರಗತಿಯಲ್ಲಿ ಓದುವುದರಲ್ಲಿ ಹಿಂದೆ ಬಿದ್ದಿದ್ದ. ಯಾರೂ ಚೀಟಿ ಕಳಿಸಲಿಲ್ಲ, ಬೈಯಲಿಲ್ಲ. ಶಾಲೆಯಲ್ಲಿ ಇದಕ್ಕೆಂದೇ ಇರುವ ಒಬ್ಬ ಟೀಚರ್ ವಾರಕ್ಕೆ ಎರಡು ಸಲ ಅವನನ್ನೂ ಇನ್ನೂ ಮೂವರನ್ನೂ ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಓದಿಸಿದರು. ಚಳಿಗಾಲ ಮುಗಿಯುವಷ್ಟರಲ್ಲಿ ಸರಿ ಹೋದ. ಫಿನ್ಲೆಂಡ್ ಅಂದರೆ ಪರೀಕ್ಷೆ ಇಲ್ಲ, ಹೋಂವರ್ಕ್ ಇಲ್ಲ ಅಂತ ನಮ್ಮ ಕಡೆ ಭಾಷಣ ಮಾಡುತ್ತಾರೆ. ಹೋಂವರ್ಕ್ ಇದೆ, ನಾನೇ ಕೂತು ಮಾಡಿಸುತ್ತೇನೆ. ಇಲ್ಲಿಯ ಗುಟ್ಟು ಇರುವುದು ಆ ಪಕ್ಕದ ಕೋಣೆಯಲ್ಲಿ. ಅದರ ಬಗ್ಗೆ ಭಾಷಣದಲ್ಲಿ ಬರುವುದಿಲ್ಲ, ಯಾಕಂದರೆ ಅದಕ್ಕೆ ಇನ್ನೊಬ್ಬರು ಟೀಚರ್ ಬೇಕು, ಸಂಬಳ ಬೇಕು.

ಇಲ್ಲಿ ಶಾಲೆ ತಪಾಸಣೆಗೆ ಇನ್ಸ್‌ಪೆಕ್ಟರ್ ಇಲ್ಲ ಅನ್ನುವುದೂ ನಿಜ. ಆದರೆ ಅದು ಆಗಿದ್ದು 1990ರ ದಶಕದ ಶುರುವಿನಲ್ಲಿ. ಅದಕ್ಕೂ ಮೊದಲು ಇಪ್ಪತ್ತು ವರ್ಷ ಪಠ್ಯಪುಸ್ತಕಕ್ಕೆ ಒಪ್ಪಿಗೆ, ತಪಾಸಣೆ ಎಲ್ಲ ಮೇಲಿನಿಂದಲೇ. ಹೊಸ ತರಬೇತಿ ಪಡೆದ ಟೀಚರುಗಳು ಶಾಲೆ ತುಂಬಿದ ಮೇಲೆ ಹಗ್ಗ ಸಡಿಲ ಬಿಟ್ಟರು. ನಾವು ಹಗ್ಗವನ್ನೂ ಬಿಡುವುದಿಲ್ಲ, ಟೀಚರನ್ನೂ ಕೊಡುವುದಿಲ್ಲ. ಪರೀಕ್ಷೆ ಮಾತ್ರ ಬದಲಿಸುತ್ತಾ ಇರುತ್ತೇವೆ. 5, 8, 9ನೇ ತರಗತಿಗೆ ಬೋರ್ಡ್ ಪರೀಕ್ಷೆ ಅಂದರು. 2024ರಲ್ಲಿ ಅದು ಸುಪ್ರೀಂ ಕೋರ್ಟ್ ತನಕ ಹೋಗಿ ಫಲಿತಾಂಶಕ್ಕೇ ತಡೆ ಬಿತ್ತು. ಅದೇ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು. 2023ರಲ್ಲಿ ಶೇ 83.89 ಇದ್ದ ರಾಜ್ಯದ ಫಲಿತಾಂಶ, ಕೃಪಾಂಕ ಸುರಿದ ಮೇಲೂ ಶೇ 73.40ಕ್ಕೆ ಬಂತು. ನಕಲು ನಿಂತಿದ್ದು ಒಳ್ಳೆಯದೇ. ಕ್ಯಾಮೆರಾ ಇಟ್ಟ ಮೇಲೆ ಗಣಿತದ ಮಾಸ್ತರ ಖಾಲಿ ಕುರ್ಚಿ ಎಲ್ಲರಿಗೂ ಕಾಣಿಸಿತು. ಅದಕ್ಕೆ ನಾವು ಮಾಡಿದ್ದೇನು? ಹೆಡ್ ಮಾಸ್ತರಿಗೆ ನೋಟಿಸು, ಹತ್ತನೇ ತರಗತಿಗೆ ಪಾಸಾಗುವಷ್ಟು ಮಾತ್ರ ಕಲಿಸುವ ‘ಪಾಸಿಂಗ್ ಪ್ಯಾಕೇಜ್’. ಇದ್ದಬದ್ದ ಟೀಚರೆಲ್ಲ ಡಿಸೆಂಬರಿಂದ ಹತ್ತನೇ ತರಗತಿಯಲ್ಲಿ. ಎಂಟು, ಒಂಬತ್ತರ ಮಕ್ಕಳು ಮೈದಾನದಲ್ಲಿ. ಮುಂದಿನ ವರ್ಷದ ಫೇಲು ಅಲ್ಲೇ ತಯಾರಾಗುತ್ತಿರುತ್ತದೆ.

ಖಾಲಿ ಕುರ್ಚಿಯಲ್ಲಿ ಈಗ ಅತಿಥಿ ಶಿಕ್ಷಕರು ಕೂತಿದ್ದಾರೆ. ಅತಿಥಿ! ಹತ್ತು ವರ್ಷದಿಂದ ಬರುತ್ತಿರುವವರಿಗೂ ಅದೇ ಹೆಸರು. ಪಕ್ಕದ ಊರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುವ ಒಬ್ಬ ಹುಡುಗ ಅಕ್ಕನ ಶಾಲೆ ಮುಂದೆ ಬೈಕ್ ನಿಲ್ಲಿಸಿ ನೀರು ಕುಡಿಯಲು ಬಂದ. ಎಂ.ಎ., ಬಿ.ಇಡಿ. ಅವನೇ ಲೆಕ್ಕ ಹೇಳಿದ. 2025-26ರಿಂದ ಎರಡು ಸಾವಿರ ಜಾಸ್ತಿ ಮಾಡಿ ಹೈಸ್ಕೂಲಿಗೆ ತಿಂಗಳಿಗೆ 12,500 ರೂಪಾಯಿ. ದಿನಾ ಹೋಗಿ ಬರಲು 50 ಕಿಲೊಮೀಟರ್, ಒಂದು ಲೀಟರ್ ಪೆಟ್ರೋಲ್, ಅಂದರೆ ನೂರರ ಮೇಲೆ. ತಿಂಗಳಿಗೆ ಎರಡೂವರೆ ಸಾವಿರ ಅದಕ್ಕೇ. ಉಳಿದ ಹತ್ತು ಸಾವಿರವೂ ತಿಂಗಳಿಗೆ ಸರಿಯಾಗಿ ಬರುವುದಿಲ್ಲ, ಎರಡು ಮೂರು ತಿಂಗಳದ್ದು ಒಟ್ಟಿಗೆ. ಶಾಲೆ ಶುರುವಾಗಿ ಎಷ್ಟೋ ದಿನದ ಮೇಲೆ ಆದೇಶ, ಮಾರ್ಚಿಗೆ ಮುಗೀತು. ‘ಏಪ್ರಿಲ್‌ದಾಗ ಏನ್ ಮಾಡ್ತೀರಿ?’ ಅಂದೆ. ‘ತೊಗರಿ ಮಾರಿದ್ ರೊಕ್ಕ ಇದ್ರ ಮನ್ಯಾಗ, ಇಲ್ಲಂದ್ರ ಬೆಂಗ್ಳೂರ್ರಿ, ಸೆಕ್ಯುರಿಟಿ’ ಅಂದ. ಮಕ್ಕಳ ಜೊತೆ ಮಾಸ್ತರೂ ಗುಳೆ.

ಫಿನ್ಲೆಂಡನ್ನು ಅಟ್ಟದ ಮೇಲೆ ಕೂರಿಸಲು ನನಗೆ ಇಷ್ಟ ಇಲ್ಲ. ಪೀಸಾ ಅಂತ ಒಂದು ಅಂತರರಾಷ್ಟ್ರೀಯ ಪರೀಕ್ಷೆ ಇದೆ, 15 ವರ್ಷದ ಮಕ್ಕಳಿಗೆ. 2003ರಲ್ಲಿ ಇಲ್ಲಿಯವರಿಗೆ ಗಣಿತದಲ್ಲಿ 544 ಅಂಕ. 2022ರಲ್ಲಿ 484. ಟೀಚರುಗಳ ಡಿಗ್ರಿ ಅದೇ, ಆದರೂ ಇಳಿದಿದೆ. ಒಬ್ಬರು ಫೋನ್ ಅನ್ನುತ್ತಾರೆ, ಒಬ್ಬರು ಖರ್ಚು ಕಡಿತ ಅನ್ನುತ್ತಾರೆ. ನಮ್ಮಂಥ ವಲಸಿಗರ ಮಕ್ಕಳು ಹಿಂದೆ ಬೀಳುತ್ತಿರುವುದೂ ನಿಜ. ಪುಟ್ಟ ಮಕ್ಕಳ ಶಾಲೆಗೆ ಟೀಚರ್ ಸಿಗುತ್ತಿಲ್ಲ. ಹಳ್ಳಿಯ ಸಣ್ಣ ಶಾಲೆಗಳನ್ನು ಇಲ್ಲಿಯೂ ಮುಚ್ಚಿದ್ದಾರೆ. ಆದರೆ ಮುಚ್ಚಿದಾಗ, 5 ಕಿಲೊಮೀಟರ್‌ಗಿಂತ ಜಾಸ್ತಿ ದೂರ ಆದರೆ ಮಗುವಿಗೆ ಪುಕ್ಕಟೆ ವಾಹನ ಕೊಡಬೇಕು ಅಂತ ಕಾನೂನು. ಇಬ್ಬರೇ ಟೀಚರ್ ಇರುವ ಶಾಲೆ ಇಲ್ಲಿಯೂ ಉಂಟು. ಆ ಇಬ್ಬರನ್ನು ವೋಟರ್ ಲಿಸ್ಟು ಹಿಡಿದು ಮನೆ ಮನೆ ತಿರುಗಲು ಕಳಿಸುವುದಿಲ್ಲ.

ನನ್ನ ಆಸೆ ದೊಡ್ಡದೇನಲ್ಲ. ಮೊಟ್ಟೆಗೆ ಮಾಡಿದ ಹಾಗೆ ಮಾಸ್ತರಿಗೂ ಮಾಡಿ. ಮುಂದಿನ ನೇಮಕಾತಿಯಲ್ಲಿ ಮೊದಲ ಆದೇಶ ಯಾದಗಿರಿಗೆ, ಕಲಬುರಗಿಗೆ, ರಾಯಚೂರಿಗೆ ಬರಲಿ, ಬೆಂಗಳೂರು ಕೊನೆಗೆ ತುಂಬಲಿ. ಪರೀಕ್ಷೆಯಲ್ಲಿ ಅಂಕ ಇಳಿಸಿ ಅಂತ ನಾನು ಕೇಳುವುದಿಲ್ಲ. ಹಾಗೆ ಕೇಳುವವರು ನಮ್ಮವರಲ್ಲೇ ಇದ್ದಾರೆ, ಅವರ ಸಂಕಟ ಗೊತ್ತು. ಆದರೆ ಇಳಿಸಿದರೆ ನಷ್ಟ ಮತ್ತೆ ಆ ಹತ್ತಿ ಬಿಡಿಸುವ ಹುಡುಗಿಗೇ. ಅದರ ಬದಲು ಪಿಯುಸಿ ಮುಗಿಸಿದ ನಮ್ಮ ಕಡೆಯ ಹೆಣ್ಣುಮಕ್ಕಳನ್ನು ಈಗಲೇ ಹಿಡಿದು, ಊಟ ವಸತಿ ಕೊಟ್ಟು, ವಿಜ್ಞಾನ ಗಣಿತ ಗಟ್ಟಿ ಮಾಡಿಸಿ, ಓದು ಮುಗಿದ ದಿನವೇ ಕೆಲಸ ಅಂತ ಮಾತು ಕೊಡಬಹುದು. ಕಲ್ಯಾಣ ಕರ್ನಾಟಕದ ಮಂಡಳಿಗೆ ವರ್ಷ ವರ್ಷ ದುಡ್ಡು ಬರುತ್ತದೆ. ಕಾಂಪೌಂಡು, ಕಮಾನು, ಸಿಸಿ ರಸ್ತೆ ಸ್ವಲ್ಪ ಕಾಯಲಿ. ಖಾಲಿ ಹುದ್ದೆ ಜಾಸ್ತಿ ಇರುವ ತಾಲ್ಲೂಕಿಂದ ವರ್ಗ ಇಲ್ಲ ಅಂತ ನಿಯಮ ಮಾಡಿ ಟೀಚರನ್ನು ಕಟ್ಟಿಹಾಕುವುದು ಸುಲಭ. ಕಟ್ಟಿಹಾಕಿದವರು ಮನಸ್ಸಿಟ್ಟು ಪಾಠ ಮಾಡುವುದು ಕಷ್ಟ. ಒಂದು ಬಾಡಿಗೆ ಮನೆಯೂ ಸಿಗದ ಊರಲ್ಲಿ ಇರಿ ಅಂದರೆ ಯಾರಿರುತ್ತಾರೆ?

ಅಕ್ಕನ ಹಾಜರಿ ಪುಸ್ತಕದ ಕೆಳಗೆ ಆವತ್ತು ಒಂದು ದಪ್ಪ ಗೈಡ್ ಕಂಡಿತು. ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ ಗೈಡು. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಹೇಳಿದೆಯಲ್ಲ, ಸರ್ವಿಸು ಐದು ವರ್ಷಕ್ಕಿಂತ ಜಾಸ್ತಿ ಉಳಿದವರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು ಅಂತ. ಅಕ್ಕನಿಗೆ 50. ‘ಕಣ್ಣು ಕಾಣ್ವಲ್ದು ತಮ್ಮಾ, ಅಕ್ಷರ ಎಷ್ಟ್ ಸಣ್ಣು ಹಾಕ್ಯಾರ ನೋಡು’ ಅಂದಳು. ಫಿನ್ಲೆಂಡಿನಲ್ಲಿ ಒಳಗೆ ಬರುವಾಗ ಬಾಗಿಲಲ್ಲಿ ಸೋಸುತ್ತಾರೆ. ನಮ್ಮಲ್ಲಿ 25 ವರ್ಷ ದುಡಿಸಿಕೊಂಡ ಮೇಲೆ.

ಅಕ್ಕನ ಹಳೇ ವಿದ್ಯಾರ್ಥಿನಿ ಒಬ್ಬಳಿದ್ದಾಳೆ, ತಾಂಡಾದವಳು. ಈಗ ಕಮಲಾಪುರದಲ್ಲಿ ಪ್ರಾಥಮಿಕ ಶಾಲೆ ಟೀಚರಿಕೆಯ ಡಿಪ್ಲೊಮಾ, ಡಿ.ಎಲ್.ಇಡಿ. ಎರಡನೇ ವರ್ಷ. ಕೆಂಪು ಬಾಳೆಹಣ್ಣಿನ ಕಮಲಾಪುರ. ನಾನು ವಾಪಸ್ ಬಂದ ಮೇಲೆ ಅವಳಿಂದ ಒಂದು ವಾಯ್ಸ್ ಮೆಸೇಜು ಬಂತು. ‘ಅಣ್ಣಾ, ಅಕ್ಕೋರು ನಿಮ್ ನಂಬರ್ ಕೊಟ್ರು. ಒಂದರಿಂದ ಐದನೇತ್ತಕ್ಕ ಪೋಸ್ಟ್ ಯಾವಾಗ ಕರೀತಾರ್ರಿ? ನಿಮಗೇನರ ಗೊತ್ತದೇನ್ರಿ?’ ಆರು ಸಾವಿರ ಕಿಲೊಮೀಟರ್ ಆಚೆ ಕೂತವನಿಗೆ ಏನು ಗೊತ್ತಿರುತ್ತದೆ? ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ ಕನ್ನಡಕ ಹಾಕಿಕೊಂಡು ಓದುತ್ತಾ ಕೂತಿದ್ದಳು. ಅವಳೂ ಈ ಹುಡುಗಿಯೂ ಈಗ ಒಂದೇ ಗೈಡ್ ಓದುತ್ತಿದ್ದಾರಂತೆ. ಗೈಡ್ ಅಕ್ಕನದು. ಅಕ್ಕ ಪುಟದ ಫೋಟೊ ತೆಗೆದು ಕಳಿಸುತ್ತಾಳೆ, ತಿಳಿಯದ ಗಣಿತ ಹುಡುಗಿ ಬಿಡಿಸಿ ವಾಪಸ್ ಕಳಿಸುತ್ತಾಳೆ.